ಡಿಪೋ ತೇಗದಿಂದ ಕಬಿನಿಯ ಹಳೆ ಮಳೆ ಓದಿದ್ದು: ನನ್ನ ಅನುಭವ

ನೆಟ್ಟು ಬೆಳೆಸಿದ ತೇಗದ ಉಂಗುರಗಳಿಂದ ಹಳೆ ಮಳೆಯ ಲೆಕ್ಕ ತೆಗೆಯೋಕೆ ಆಗಲ್ಲ ಅಂತ ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಕಾಡು ಮರ ಬೇಕು, ಅದಕ್ಕೆ ಇನ್ನೂರು ಮುನ್ನೂರು ವರ್ಷ ಆಗಿರಬೇಕು, ಮರ ಕೊರೆದು ಉಂಗುರದ ಕಡ್ಡಿ ತೆಗೆಯೋಕೆ ಒಳ್ಳೆ ಬೋರರ್ ಬೇಕು, ಉಂಗುರದ ಅಗಲ ಅಳೆಯೋಕೆ ಲಕ್ಷಗಟ್ಟಲೆ ಬೆಲೆಯ ಅಳತೆ ಮೇಜು ಬೇಕು. ಇವು ಯಾವುದೂ ನನ್ನ ಹತ್ತಿರ ಇರಲಿಲ್ಲ. ಇದ್ದದ್ದು ಕಾಮಾಕ್ಷಿಪಾಳ್ಯದಲ್ಲಿ ಬಾಡಿಗೆಗೆ ಹಿಡಿದ ಒಂದು ಶೆಡ್, ಒಂದು ಹಳೆ ಸ್ಕ್ಯಾನರ್, ಅರಣ್ಯ ಇಲಾಖೆಯ ನಾಟಾ ಡಿಪೋದಿಂದ ಹೊರಬಿದ್ದ ದಿಮ್ಮಿಗಳನ್ನು ಅಡ್ಡ ಕೊಯ್ದ ಬಿಲ್ಲೆಗಳು. ಇಷ್ಟರಲ್ಲೇ ಕಬಿನಿ ಸೀಮೆಯ ಮಳೆಯ ಸರಣಿ, ಅಂದರೆ ವರ್ಷವಾರು ಲೆಕ್ಕ, ಸುಮಾರು 1890ರವರೆಗೆ ಧೈರ್ಯವಾಗಿ ತೋರಿಸುವಷ್ಟು ಕೂತಿದೆ. ಅದರಾಚೆಗೂ ಹೋಗಿದೆ, ಅದನ್ನು ಆಮೇಲೆ ಹೇಳುತ್ತೇನೆ. ಉಂಗುರ ಯಾಕೆ ಬೀಳುತ್ತದೆ, ಕ್ರಾಸ್‌ಡೇಟಿಂಗ್ ಅಂದರೇನು ಅನ್ನೋದಕ್ಕೆಲ್ಲ ಇಲ್ಲಿ ಉದ್ದಕ್ಕೆ ಹೋಗಲ್ಲ. ವರ್ಷಕ್ಕೊಂದು ಉಂಗುರ, ಬರದ ವರ್ಷ ತೆಳು. ಹಲವು ಮರಗಳ ದಪ್ಪ ತೆಳುವಿನ ಸಾಲು ಒಂದಕ್ಕೊಂದು ಹೊಂದಿಸಿ ಪ್ರತಿ ಉಂಗುರದ ವರ್ಷ ಗೊತ್ತುಮಾಡೋದೇ ಕ್ರಾಸ್‌ಡೇಟಿಂಗ್. ಈ ಕೆಲಸಕ್ಕೆ ಕೈ ಹಾಕಿದವರಿಗೆ ಅದು ಗೊತ್ತೇ ಇರುತ್ತದೆ.

ಜನರ ಮೊದಲ ಅನುಮಾನ ತೇಗದ ಮೇಲೆಯೇ. ನಮ್ಮ ಬಿಸಿಲು ನಾಡಿನ ಮರ ವರ್ಷಕ್ಕೊಂದು ಉಂಗುರ ಕಟ್ಟುತ್ತದೆ ಅಂದರೆ ಎಷ್ಟೋ ಜನ ಈಗಲೂ ನಗುತ್ತಾರೆ. ಅವರ ಜೊತೆ ವಾದ ಮಾಡೋದು ಬಿಟ್ಟಿದ್ದೇನೆ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನವರು ಕೇರಳದ ತೇಗದಿಂದ 523 ವರ್ಷದ ಸರಣಿ ಮಾಡಿ 2010ರಲ್ಲೇ ಪ್ರಕಟಿಸಿದ್ದಾರೆ. ಪೆಸಿಫಿಕ್ ಸಾಗರ ಬಿಸಿಯಾಗುವ ಎಲ್ ನಿನೊ ವರ್ಷಗಳ ಬರ ಅದರಲ್ಲಿ ಕಾಣುತ್ತದೆ. ಘಟ್ಟದ ಆ ಬದಿಯಲ್ಲಿ ಆಗಿದ್ದು ಈ ಬದಿಯಲ್ಲಿ ಯಾಕಾಗಬಾರದು? ಎರಡನೇ ಅನುಮಾನ ಮಾತ್ರ ಗಟ್ಟಿಯಾದದ್ದು. ಪ್ಲಾಂಟೇಶನ್ ಮರದ ಬೆಳವಣಿಗೆಯಲ್ಲಿ ಮಳೆಯ ಕೈ ಎಷ್ಟು, ಮನುಷ್ಯನ ಕೈ ಎಷ್ಟು ಅನ್ನೋದು. ನನ್ನ ಹೆಚ್ಚಿನ ದುಡ್ಡೂ ಹೆಚ್ಚಿನ ಭಾನುವಾರಗಳೂ ಹೋಗಿದ್ದು ಅದಕ್ಕೆ ಉತ್ತರ ಹುಡುಕೋದರಲ್ಲಿ.

ಮೊದಲು ಜಾಗದ ಮಾತು. ಕಬಿನಿಗೆ ನೀರು ಬರೋದು ವಯನಾಡಿನಿಂದ, ಮೇಲಿನ ಕಾವೇರಿಗೆ ಕೊಡಗಿನಿಂದ. ಹಾಗಾದರೆ ಮಳೆ ಸುರಿಯೋ ಜಾಗದ ಮರವೇ ಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ. ಕೊಡಗಿನ ತೇಗ ತರಿಸಿ ನೋಡಿದೆ. ಉಂಗುರಗಳು ಅಂದವಾಗಿದ್ದವು. ದಪ್ಪ, ಸ್ಪಷ್ಟ, ಎಲ್ಲವೂ ಹೆಚ್ಚುಕಡಿಮೆ ಒಂದೇ ಅಗಲ. ಕೆಲಸಕ್ಕೆ ಬಾರದ ಮಾಲು. ಆ ಮರಕ್ಕೆ ನೀರಿನ ಕೊರತೆ ಅಂದರೇನು ಅಂತಲೇ ಗೊತ್ತಿಲ್ಲ. ಪುಷ್ಯ, ಆಶ್ಲೇಷ ಪೂರ್ತಿ ಮೋಡ ಮುಚ್ಚಿದರೆ ಅದಕ್ಕೆ ಬಿಸಿಲೇ ಸಾಲಲ್ಲ. ಮಳೆ ಬೀಳೋದು ಘಟ್ಟದಲ್ಲಿ. ಅದರ ಲೆಕ್ಕ ಇಡೋದು ಘಟ್ಟದ ಪೂರ್ವಕ್ಕಿರುವ ಹುಣಸೂರು, ಎಚ್.ಡಿ. ಕೋಟೆ ಕಡೆಯ ಒಣ ಮರಗಳು. ಅಲ್ಲೂ ಇಳಿಜಾರು, ತೆಳು ಮಣ್ಣು, ಕೆಳಗೆ ಕಲ್ಲು ಇರುವ ಜಾಗ ಬೇಕು. ಮರ ಬೆಳೆಸುವವರ ಲೆಕ್ಕದಲ್ಲಿ ಅದು ಕೊನೇ ದರ್ಜೆಯ ನೆಲ. ನಮಗೆ ಅದೇ ಮೊದಲ ದರ್ಜೆ.

ಇನ್ನೊಂದು ಕಡೆ ಬೆಂಗಳೂರಿಗೆ ಹತ್ತಿರ, ಲಾರಿ ಬಾಡಿಗೆ ಉಳಿಯುತ್ತದೆ ಅಂತ ಮಾಗಡಿ, ಕನಕಪುರದ ಸುತ್ತ ಅರ್ಕಾವತಿ ಬಯಲಿನ ತೇಗವನ್ನೂ ನೋಡಿದೆ. ಅದು ಇನ್ನೂ ತಲೆನೋವು. ನಮ್ಮ ಕಡೆ ಮೇನಲ್ಲಿ ಒಂದು ಸುತ್ತು ಮಳೆ, ಆಮೇಲೆ ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಮೇ ಮಳೆಗೆ ಮರ ಚಿಗುರುತ್ತದೆ. ಜುಲೈ ಒಣಗಿದರೆ ನಿಲ್ಲುತ್ತದೆ. ಹಸ್ತ, ಚಿತ್ತೆಗೆ ಮತ್ತೆ ಶುರು. ಬಿಲ್ಲೆಯಲ್ಲಿ ನೋಡಿದರೆ ಒಂದು ವರ್ಷಕ್ಕೆ ಒಂದೂವರೆ ಉಂಗುರ. ಯಾವುದು ನಿಜ, ಯಾವುದು ಸುಳ್ಳು ಅಂತ ಬಿಡಿಸೋಕೆ ಕೂತರೆ ಒಂದು ಬಿಲ್ಲೆಗೆ ಒಂದು ವಾರ. ಅರ್ಧ ಬಿಲ್ಲೆಗಳು ಒಂದಕ್ಕೊಂದು ಹೊಂದಲೇ ಇಲ್ಲ. ಆ ರಾಶಿ ಈಗಲೂ ಶೆಡ್ಡಿನ ಮೂಲೆಯಲ್ಲಿದೆ. ಅದರ ಮೇಲೆ ಟೀ ಲೋಟ ಇಡುತ್ತೇವೆ.

ಮರ ಸಿಗೋದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ನಾಗರಹೊಳೆ, ಬಂಡೀಪುರದ ಒಳಗೆ ಬಿದ್ದ ಮರವನ್ನೂ ಮುಟ್ಟುವಂತಿಲ್ಲ. ಹೊರಗಿನ ಪ್ಲಾಂಟೇಶನ್‌ನಲ್ಲಿ ಬೋರರ್ ಹಾಕಲು ಅನುಮತಿ ಕೇಳಿ ಒಂದು ಕಚೇರಿಗೆ ಅರ್ಜಿ ಕೊಟ್ಟೆ. ಉತ್ತರ ಬರುವಷ್ಟರಲ್ಲಿ ನನ್ನ ಕೆಲಸ ಮುಗಿಯುತ್ತೇನೋ ಅಂದುಕೊಂಡಿದ್ದೆ. ಹಾಗೇ ಆಯಿತು. ಅದು ಒಳ್ಳೆಯದಕ್ಕೇ ಅನ್ನಿ. ಎರವಲು ತಂದ ಬೋರರ್ ಒಂದನ್ನು ಸ್ನೇಹಿತರ ತೋಟದ ತೇಗದಲ್ಲಿ ತಿರುಗಿಸಿ ನೋಡಿದ್ದೆ. ಕೋರ್, ಅಂದರೆ ಒಳಗಿಂದ ಬರುವ ಕಡ್ಡಿ, ತುಂಡು ತುಂಡಾಗಿ ಬಂತು, ಬೋರರ್ ತುದಿ ಮೊಂಡಾಯಿತು. ಹೊಸದು ಕೊಡಿಸೋಕೆ ಮೂವತ್ತು ಸಾವಿರದ ಮೇಲೆ ಬಿತ್ತು. ತೇಗದಲ್ಲಿ ಸಿಲಿಕಾ ಇದೆ, ಅಲಗು ತಿನ್ನುತ್ತದೆ. ಗರಗಸದ ಕೆಲಸದವರಿಗೆ ಇದು ಹಳೇ ಸುದ್ದಿ. ಅದೂ ಅಲ್ಲದೆ ತೇಗದ ಉಂಗುರ ಸುತ್ತಲೂ ಒಂದೇ ಸಮ ಇರಲ್ಲ. ಪೆನ್ಸಿಲ್ ದಪ್ಪದ ಕೋರ್‌ನಲ್ಲಿ ಇಲ್ಲದ ಉಂಗುರ ಬಿಲ್ಲೆಯಲ್ಲಿ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ.

ಹಾಗಾಗಿ ಡಿಪೋ ದಾರಿ. ಹರಾಜಿನಲ್ಲಿ ದಿಮ್ಮಿ ಕೊಂಡವರು ಅದನ್ನು ಮೈಸೂರು ರಸ್ತೆಯ ಟಿಂಬರ್ ಲೇಔಟಿಗೆ ತರುತ್ತಾರೆ. ನಾನು ಸಾಮಿಲ್‌ನಲ್ಲಿ ಕಾದು, ಬುಡದ ಕಡೆಯಿಂದ ಎರಡು ಇಂಚು ಕೇಳುತ್ತಿದ್ದೆ. ಒಬ್ಬ ವ್ಯಾಪಾರಿ ನಕ್ಕೇಬಿಟ್ಟರು. "ಎರಡು ಇಂಚು ನಿಮಗೆ ಕೊಟ್ರೆ ನನಗೆ ಬಾಗಿಲ ಚೌಕಟ್ಟಿಗೆ ಏಳಡಿ ಸಾಲಲ್ಲ ಸಾರ್. ಉಂಗುರ ಎಣಿಸೋಕೆ ಇಷ್ಟು ದುಡ್ಡು ಕೊಡ್ತೀರಾ? ನಾನೇ ಎಣಿಸಿ ಹೇಳ್ತೀನಿ ಬಿಡಿ, ಅರ್ಧ ರೇಟಿಗೆ." ಬಿಲ್ಲೆಗೆ ಐನೂರರಿಂದ ಸಾವಿರದ ಇನ್ನೂರರವರೆಗೆ ಕೊಟ್ಟಿದ್ದೇನೆ. ಇಲ್ಲಿ ಒಂದೇ ನಿಯಮ. ದಿಮ್ಮಿಯ ತಲೆಯ ಮೇಲೆ ಹ್ಯಾಮರ್ ಮಾರ್ಕ್ (ಇಲಾಖೆಯವರು ಸುತ್ತಿಗೆಯಿಂದ ಒತ್ತುವ ಮುದ್ರೆ) ಮತ್ತು ನಂಬರ್ ಓದುವ ಹಾಗಿರಬೇಕು. ಅದರಿಂದಲೇ ಲಾಟ್, ಕಡಿದ ಜಾಗ, ಕಡಿದ ವರ್ಷ ಸಿಗೋದು. ಮಾರ್ಕ್ ಇಲ್ಲದ ಬಿಲ್ಲೆಯನ್ನು ಬಿಟ್ಟಿ ಕೊಟ್ಟರೂ ತರಬೇಡಿ. ಹೊರಗಿನ ಬಿಳಿ ಭಾಗವೂ ಇರಬೇಕು. ಅದನ್ನು ಕೆತ್ತಿ ಹಾಕಿದ್ದರೆ, ಗೆದ್ದಲು ತಿಂದಿದ್ದರೆ ಕೊನೆಯ ವರ್ಷಗಳು ಹೋದ ಹಾಗೇ.

ಈಗ ಪ್ಲಾಂಟೇಶನ್‌ನ ಅಸಲಿ ಕಷ್ಟ. ಥಿನ್ನಿಂಗ್. ಒಂದು ತೋಟದಲ್ಲಿ ನಡುನಡುವಿನ ಮರ ಕಡಿದರೆ ಉಳಿದವಕ್ಕೆಲ್ಲ ಒಟ್ಟಿಗೇ ಬೆಳಕು, ನೀರು ಸಿಗುತ್ತದೆ. ಮುಂದಿನ ನಾಲ್ಕೈದು ವರ್ಷ ಉಂಗುರ ದಪ್ಪ. ಎಲ್ಲ ಮರದಲ್ಲೂ ಒಂದೇ ವರ್ಷ ಶುರುವಾಗುವುದರಿಂದ ಕ್ರಾಸ್‌ಡೇಟಿಂಗ್ ಚೆನ್ನಾಗಿ ಕೂರುತ್ತದೆ. ಮರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅಂತ ಹೇಳುವ ಆರ್‌ಬಾರ್ ಏರುತ್ತದೆ. ಸರಣಿ ಎಷ್ಟು ನಂಬಬಹುದು ಅಂತ ಅಳೆಯುವ ಇಪಿಎಸ್, ಸಾಮಾನ್ಯವಾಗಿ ಸಾಕು ಅನ್ನುವ 0.85 ದಾಟಿ ಕೂರುತ್ತದೆ. ಸಂಖ್ಯೆ ನೋಡಿದರೆ ಹಬ್ಬ. ಆದರೆ ನೀವು ಓದುತ್ತಿರೋದು ಮಳೆಯನ್ನಲ್ಲ, ಕೊಡಲಿಯನ್ನು. ನನಗೆ ಆಗಲ್ಲ ಅಂದವರೆಲ್ಲ ಹೇಳಿದ್ದು ಇದನ್ನೇ. ಅವರ ಮಾತು ಒಂದು ತೋಟದ ಮಟ್ಟಿಗೆ ಪೂರ್ತಿ ಸರಿ.

ಒಂದೇ ತೋಟದ ಮೂವತ್ತು ಬಿಲ್ಲೆ ತಂದರೆ ಇದಕ್ಕೆ ಮದ್ದಿಲ್ಲ. ಬೇರೆ ಬೇರೆ ವರ್ಷ ನೆಟ್ಟ, ಬೇರೆ ಬೇರೆ ವರ್ಷ ಥಿನ್ನಿಂಗ್ ಆದ ಹತ್ತು ಹನ್ನೆರಡು ತೋಟಗಳಿಂದ ಮೂರು ನಾಲ್ಕು ಬಿಲ್ಲೆ ಸಾಕು. ಕೊಡಲಿ ಒಂದೊಂದು ತೋಟಕ್ಕೆ ಒಂದೊಂದು ವರ್ಷ ಬೀಳುತ್ತದೆ. ಬರ ಎಲ್ಲ ತೋಟಕ್ಕೂ ಒಂದೇ ವರ್ಷ. ಪ್ರತಿ ತೋಟಕ್ಕೂ ಬೇರೆಯೇ ಸರಣಿ ಮಾಡಿ, ಆಮೇಲೆ ಸರಣಿಗಳನ್ನು ಕೂಡಿಸಬೇಕು. ಎಲ್ಲ ಮರವನ್ನೂ ಒಂದೇ ರಾಶಿಗೆ ಸುರಿದು ಸರಾಸರಿ ತೆಗೆಯಬಾರದು. ಅರಣ್ಯ ಇಲಾಖೆಯ ಹಳೆ ಕಾರ್ಯಯೋಜನೆ ಪುಸ್ತಕಗಳಾದ ವರ್ಕಿಂಗ್ ಪ್ಲಾನ್‌ಗಳಲ್ಲಿ ಥಿನ್ನಿಂಗ್ ವರ್ಷಗಳು ಇರುತ್ತವೆ. ಅವನ್ನು ಪಕ್ಕದಲ್ಲಿಟ್ಟುಕೊಂಡು ಆ ತೋಟದ ಆ ನಾಲ್ಕೈದು ವರ್ಷಕ್ಕೆ ತೂಕ ಕಡಿಮೆ ಮಾಡುತ್ತೇನೆ. ಎಷ್ಟು ಕಡಿಮೆ, ಮರದ ವಯಸ್ಸಿನ ಏರಿಳಿತ ತೆಗೆಯುವ ಸ್ಪ್ಲೈನ್ ಗೆರೆ ಎಷ್ಟು ಬಿಗಿ ಅನ್ನೋದು ನನ್ನ ಹತ್ತಿರವೇ ಇರಲಿ. ಅದನ್ನು ಹಿಡಿಯೋಕೆ ನನಗೆ ಒಂದು ಮಳೆಗಾಲ ಹಿಡಿಯಿತು. ಆರ್ ಅನ್ನೋ ಅಂಕಿಅಂಶದ ಸಾಫ್ಟ್‌ವೇರಿನಲ್ಲಿ ಉಂಗುರದ ಲೆಕ್ಕಕ್ಕಿರುವ ಡಿಪಿಎಲ್‌ಆರ್ ಪ್ಯಾಕೇಜ್ ಪುಕ್ಕಟೆ ಸಿಗುತ್ತದೆ, ನೀವೂ ಕೂತು ಹಿಡಿಯಿರಿ.

ಇದರ ಮೇಲೆ ಹುಳದ ಕಾಟ. ತೇಗದ ಎಲೆ ತಿನ್ನುವ ಹೈಬ್ಲಿಯಾ ಹುಳ ಮುಂಗಾರು ಶುರುವಿನ ಹೊಸ ಚಿಗುರಿಗೇ ಬೀಳುತ್ತದೆ. ನೀಲಂಬೂರಿನ ಎಳೆ ತೋಟಗಳಲ್ಲಿ ಈ ಹುಳದಿಂದ ಬೆಳೆಯಬಹುದಾದ ಮರದಲ್ಲಿ 44 ಪರ್ಸೆಂಟ್ ನಷ್ಟ ಅಂತ ಕೇರಳದವರು ಲೆಕ್ಕ ಹಾಕಿದ್ದರು. ಎಲೆ ಹೋದ ಮರ ಮತ್ತೆ ಚಿಗುರಿದಾಗ ಉಂಗುರದ ನಡುವೆ ಒಂದು ಸುಳ್ಳು ಗೆರೆ ಬೀಳುತ್ತದೆ. ನಿಜವಾದ ಗಡಿಯಲ್ಲಿ ದೊಡ್ಡ ರಂಧ್ರಗಳ ಸಾಲು ಪಟ್ಟನೆ ಶುರುವಾಗುತ್ತದೆ. ಸುಳ್ಳು ಗೆರೆಯ ಎರಡೂ ಬದಿ ಮಬ್ಬು. ಬಿಲ್ಲೆಯ ಸುತ್ತ ಬೆರಳಿಟ್ಟು ಹೋದರೆ ಸುಳ್ಳು ಗೆರೆ ಎಲ್ಲೋ ಒಂದು ಕಡೆ ಕರಗಿಹೋಗುತ್ತದೆ. ಬಿಲ್ಲೆಯೇ ಬೇಕು ಅಂತ ನಾನು ಹಟ ಹಿಡಿಯೋದಕ್ಕೆ ಇದೂ ಒಂದು ಕಾರಣ.

ಬಿಲ್ಲೆ ತಂದ ತಕ್ಷಣ ಬಿಸಿಲಿಗೆ ಇಡಬೇಡಿ. ಬೆಂಗಳೂರಿನ ಫೆಬ್ರವರಿ, ಮಾರ್ಚ್ ಗಾಳಿಗೆ ಎರಡೇ ದಿನದಲ್ಲಿ ತಿರುಳಿನವರೆಗೂ ಬಿರುಕು ಬಿಡುತ್ತದೆ. ಗೋಣಿಚೀಲದಲ್ಲಿ ಸುತ್ತಿ ನೆರಳಲ್ಲಿ ಒಂದೆರಡು ತಿಂಗಳು ಬಿಡಿ. ಉಜ್ಜೋದು 80ರ ಉಪ್ಪುಕಾಗದದಿಂದ ಶುರು, 120, 220, 400, ಕೊನೆಗೆ 800. ತೇಗದ ಎಣ್ಣೆಗೆ ಬೆಲ್ಟ್ ಬೇಗ ಕಟ್ಟಿಕೊಳ್ಳುತ್ತದೆ. ಉಪ್ಪುಕಾಗದಕ್ಕೇ ಹನ್ನೆರಡು ಹದಿಮೂರು ಸಾವಿರ ಹೋಗಿದೆ. ಮಾಸ್ಕ್ ಇಲ್ಲದೆ ಉಜ್ಜಿದರೆ ರಾತ್ರಿಯೆಲ್ಲ ಕೆಮ್ಮು, ಮೈ ತುರಿಕೆ. ಪಕ್ಕದ ಶೆಡ್ಡಿನವರಿಗೂ ನಮ್ಮ ಧೂಳಿನ ಮೇಲೆ ಜಗಳ. ಕೊನೆಗೆ ಅವರ ಮನೆ ದೇವರ ಮಂಟಪಕ್ಕೆ ಒಂದು ತೇಗದ ಹಲಗೆ ಕೊಟ್ಟೆ, ಜಗಳ ನಿಂತಿತು. ಉಜ್ಜಿದ ಮೇಲೆ ಸೀಮೆಸುಣ್ಣದ ಪುಡಿ ಒರೆಸಿದರೆ ರಂಧ್ರಗಳು ಬೆಳ್ಳಗೆ ಎದ್ದು ಕಾಣುತ್ತವೆ. ಇದು ಎಲ್ಲರಿಗೂ ಗೊತ್ತು. ನಾನು ಅದರ ಜೊತೆ ಅಡುಗೆಮನೆಯ ಇನ್ನೊಂದು ಪುಡಿ ಬೆರೆಸುತ್ತೇನೆ. ಯಾವುದು ಅಂತ ಕೇಳಬೇಡಿ.

ಸ್ಕ್ಯಾನರ್ ಕೊಳ್ಳುವಾಗ ಒಂದು ಮಾತು. ತೆಳ್ಳಗಿನ ಸಿಐಎಸ್ ಸ್ಕ್ಯಾನರ್ ಬೇಡ. ಬಿಲ್ಲೆ ಅರ್ಧ ಮಿಲಿಮೀಟರ್ ಎದ್ದಿದ್ದರೂ ಮಬ್ಬಾಗುತ್ತದೆ. ಹಳೆ ಕಾಲದ ದಪ್ಪ ಸಿಸಿಡಿ ಸ್ಕ್ಯಾನರ್ ಹುಡುಕಿ. ನನಗೆ ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಸಿಕ್ಕಿದ್ದು ಒಂಬತ್ತು ಸಾವಿರಕ್ಕೆ. ಬಿಲ್ಲೆ ದೊಡ್ಡದಾದರೆ ಸ್ಕ್ಯಾನರನ್ನೇ ತಲೆಕೆಳಗು ಮಾಡಿ ಬಿಲ್ಲೆಯ ಮೇಲೆ ಕೂರಿಸುತ್ತೇನೆ. 1200 ಡಿಪಿಐನಲ್ಲಿ ಒಂದು ಚುಕ್ಕೆ ಅಂದರೆ ಮಿಲಿಮೀಟರಿನ ಐವತ್ತನೇ ಒಂದು ಭಾಗದಷ್ಟು. ತೇಗಕ್ಕೆ ಅಷ್ಟು ಧಾರಾಳ. ಪ್ರತಿ ಸಲವೂ ಪಕ್ಕದಲ್ಲಿ ಒಂದು ಸ್ಟೀಲ್ ಸ್ಕೇಲ್ ಇಟ್ಟು ಸ್ಕ್ಯಾನ್ ಮಾಡಿ. ಹಳೆ ಮೋಟಾರು ಎಳೆಯುವಾಗ ಉದ್ದದಲ್ಲಿ ಹಿಗ್ಗುತ್ತದೆ, ಕುಗ್ಗುತ್ತದೆ. ಸ್ಕ್ಯಾನಿನ ಮೇಲೆ ಉಂಗುರ ಅಳೆಯೋಕೆ ಬಳಸಿದ ಸಾಫ್ಟ್‌ವೇರ್ ಮೊದಲು ಇಮೇಜ್‌ಜೆ, ಆಮೇಲೆ ಕೂರೆಕಾರ್ಡರ್. ಅಳತೆ ಮೇಜು ಇರುವ ಒಂದು ಲ್ಯಾಬಿನಲ್ಲಿ ಪರಿಚಯದವರು ನನ್ನ ಕೆಲವು ಬಿಲ್ಲೆಗಳನ್ನು ಮತ್ತೆ ಅಳೆದು ನೋಡಿದರು. ಎರಡು ಗೆರೆಯನ್ನೂ ಒಂದರ ಮೇಲೊಂದು ಇಟ್ಟಾಗ ಯಾವುದು ಯಾರದು ಅಂತ ಅವರಿಗೇ ಗೊತ್ತಾಗಲಿಲ್ಲ. ಆ ದಿನ ಬಿರಿಯಾನಿ ಖರ್ಚು ನನ್ನದು.

ಶೆಡ್ ಇದೆ, ಉಜ್ಜೋ ಮೆಷಿನ್ ಇದೆ ಅಂದಮೇಲೆ ಕೈ ಸುಮ್ನೆ ಇರುತ್ತಾ? ರಸ್ತೆ ಅಗಲ ಮಾಡಲು ಕಡಿದ ಮಳೆಮರದ ಬಿಲ್ಲೆ ತಂದೆ. ಹೆಸರಿನಲ್ಲಿ ಮಾತ್ರ ಮಳೆ. ಗೆರೆಗಳು ಇವೆ, ವರ್ಷ ಇಲ್ಲ. ಹಲಸು ಇನ್ನೂ ಕಷ್ಟ. ಬೆಂಗಳೂರಿನ ಸಾಲುಮರದ ಮಹಾಗನಿ ಆಸೆ ಹುಟ್ಟಿಸಿತು, ಗಡಿ ಚೆನ್ನಾಗಿ ಕಾಣುತ್ತದೆ. ಆದರೆ ಬುಡದಲ್ಲಿ ಒಡೆದ ನೀರಿನ ಪೈಪು, ಮೇಲೆ ಕೊಂಬೆ ಕಡಿಯುವವರು. ಅದರಲ್ಲಿ ಹವಾಮಾನ ಹುಡುಕೋದು ದಂಡ. ನೀಲಿ ಬೆಳಕಿನ ತೀವ್ರತೆ ಅಳೆಯುವ ವಿಧಾನ ದೇವದಾರು, ಪೈನ್‌ನಲ್ಲಿ ಭರ್ಜರಿಯಾಗಿ ನಡೆಯುತ್ತದೆ ಅಂತ ಓದಿ ತೇಗದ ಮೇಲೂ ಮಾಡಿದೆ. ತಿರುಳಿನ ಬಣ್ಣ ಒಂದು, ಹೊರಗಿನ ಬಿಳಿ ಭಾಗದ ಬಣ್ಣ ಇನ್ನೊಂದು, ನಡುನಡುವೆ ಕಪ್ಪು ಪಟ್ಟೆ. ಬಂದ ಗೆರೆ ಮಳೆಯದಲ್ಲ, ಎಣ್ಣೆಯದು. ಘಟ್ಟದ ಬದಿಯ ಗಂಧಗರಿಗೆ ಮರ ಮಾತ್ರ ಒಳ್ಳೆ ಲಕ್ಷಣ ತೋರಿಸಿದೆ. ತೇಗ ಸುಮ್ಮನಿರುವ ಒದ್ದೆ ಜಾಗದಲ್ಲಿ ಇದು ಮಾತಾಡಬಹುದು. ಬಿಲ್ಲೆ ಇನ್ನೂ ಕಡಿಮೆ ಇವೆ, ಜಾಸ್ತಿ ಹೇಳಲ್ಲ.

ಡಿಪೋ ಬಿಲ್ಲೆಗಳು ನಮ್ಮನ್ನು 1910ರ ಆಸುಪಾಸಿನವರೆಗೆ ಒಯ್ಯುತ್ತವೆ. ಅದರಾಚೆಗೆ ಹೋಗಬೇಕು ಅಂದರೆ ಹಳೆ ಮನೆಯ ತೊಲೆ, ಕಂಬ, ಜಂತೆ. ದುಡ್ಡು ನಿಜವಾಗಿ ಸುಟ್ಟಿದ್ದು ಇಲ್ಲಿ. ಬಸವನಗುಡಿ, ಮಲ್ಲೇಶ್ವರದ ಹಳೆ ಮನೆಗಳು ಬಿದ್ದಾಗ ಒಳ್ಳೊಳ್ಳೆ ತೇಗ ಮಾರುಕಟ್ಟೆಗೆ ಬರುತ್ತದೆ. ಘನ ಅಡಿಗೆ ಎರಡು ಸಾವಿರದ ಮೇಲೆ ಕೊಟ್ಟು ತಂದೆ. ಉಂಗುರಗಳು ದಟ್ಟವಾಗಿದ್ದವು, ನೂರೈವತ್ತರವರೆಗೂ ಎಣಿಸಬಹುದಿತ್ತು. ತೊಲೆಗಳು ಒಂದಕ್ಕೊಂದು ಚೆನ್ನಾಗಿ ಹೊಂದಿದವು. ನನ್ನ ಹುಣಸೂರಿನ ಸರಣಿಗೆ ಮಾತ್ರ ಒಂದೂ ಹೊಂದಲಿಲ್ಲ. ಬರ್ಮಾ ತೇಗ. ಆ ಕಾಲದಲ್ಲಿ ಬೆಂಗಳೂರಿನ ಉಳ್ಳವರ ಮನೆಗೆ ಅದೇ ಬರುತ್ತಿತ್ತು. ಇರಾವತಿ ನದಿಯಲ್ಲಿ ತೇಲಿ ಬಂದ ಮರದಲ್ಲಿ ಕಬಿನಿಯ ಮಳೆ ಎಲ್ಲಿಂದ ಬರಬೇಕು? ಇನ್ನೊಂದು ತಮಾಷೆ ಇದೆ. ಬರ್ಮಾದಲ್ಲಿ ಹಸಿ ತೇಗ ತೇಲಲ್ಲ ಅಂತ ಬುಡದ ಸುತ್ತ ತೊಗಟೆ ಕೆತ್ತಿ, ಮರ ನಿಂತಲ್ಲೇ ಎರಡು ಮೂರು ವರ್ಷ ಒಣಗಿಸಿ ಆಮೇಲೆ ಕಡಿಯುತ್ತಿದ್ದರು. ಅಂದರೆ ಕೊನೆಯ ಉಂಗುರದ ವರ್ಷವೂ ಕಡಿದ ವರ್ಷವೂ ಬೇರೆ.

ಆಮೇಲೆ ಬೆಂಗಳೂರಿನ ಮನೆಗಳನ್ನು ಬಿಟ್ಟು ಮೈಸೂರು ಸೀಮೆಯ ಹಳ್ಳಿ ತೊಟ್ಟಿಮನೆಗಳ ಹಿಂದೆ ಬಿದ್ದೆ. ಎಚ್.ಡಿ. ಕೋಟೆ, ಪಿರಿಯಾಪಟ್ಟಣ ಕಡೆ ಹಳ್ಳಿಯವರು ಹತ್ತಿರದ ಕಾಡಿನ ಮರವನ್ನೇ ಎತ್ತಿನಗಾಡಿಯಲ್ಲಿ ತಂದು ಮನೆ ಕಟ್ಟಿದ್ದರು. ಕಂಬಗಳು ಹೊನ್ನೆ, ಮತ್ತಿಯೂ ಇರುತ್ತವೆ. ತೇಗವನ್ನು ಆರಿಸಿಕೊಳ್ಳಬೇಕು. ಒಂದು ಮನೆಯ ಅಜ್ಜಿ "ಕಂಬ ಬೇಕಾದ್ರೆ ತಕೊಂಡು ಹೋಗಪ್ಪ, ಹೊಸ್ತಿಲು ಮುಟ್ಟಬೇಡ" ಅಂದರು. ಹೊಸ್ತಿಲು ಮುಟ್ಟಲಿಲ್ಲ. ಅದರಲ್ಲೇ ಒಳ್ಳೆ ಉಂಗುರ ಇತ್ತು, ಏನು ಮಾಡೋದು. ಸ್ಥಳೀಯ ತೊಲೆಯನ್ನು ಬರ್ಮಾದ್ದರಿಂದ ದುಡ್ಡು ಕೊಡುವ ಮುಂಚೆಯೇ ಗುರುತಿಸೋಕೆ ಈಗ ನನಗೆ ಬರುತ್ತದೆ. ಹೇಗೆ ಅಂತ ಬರೆದರೆ ಟಿಂಬರ್ ಲೇಔಟಿನಲ್ಲಿ ರೇಟು ಏರುತ್ತದೆ, ಹಾಗಾಗಿ ಬರೆಯಲ್ಲ.

ಫಲ ಏನು ಬಂತು? ಹವಾಮಾನ ಇಲಾಖೆಯ ಗ್ರಿಡ್ ಮಳೆ, ಅಂದರೆ ನಕ್ಷೆಯ ಚೌಕ ಚೌಕಕ್ಕೂ ಲೆಕ್ಕ ಹಾಕಿದ ಮಳೆ, 1901ರಿಂದ ಸಿಗುತ್ತದೆ. ಉಂಗುರದ ಸರಣಿಯನ್ನು ಅರ್ಧ ಕಾಲದ ಮಳೆಗೆ ಹೊಂದಿಸಿ, ಉಳಿದರ್ಧದಲ್ಲಿ ಪರೀಕ್ಷೆ ಮಾಡಿ, ಆಮೇಲೆ ಅದಲುಬದಲು ಮಾಡಿದೆ. ಎರಡೂ ಸಲ ಕೋರಿಲೇಷನ್ (ಪೂರ್ತಿ ಹೊಂದಿದರೆ 1, ಸಂಬಂಧವೇ ಇಲ್ಲದಿದ್ದರೆ 0) 0.5ರ ಮೇಲೆ ನಿಂತಿತು, ಒಂದು ಸಲ 0.6ರ ಹತ್ತಿರ. ಬರೀ ಜೂನ್‌ನಿಂದ ಸೆಪ್ಟೆಂಬರ್ ಹಾಕಿದರೆ ಇಷ್ಟು ಬರಲ್ಲ. ಹಿಂದಿನ ವರ್ಷದ ಹಿಂಗಾರನ್ನೂ ಈ ವರ್ಷದ ಮೇ ಮಳೆಯನ್ನೂ ಸೇರಿಸಬೇಕು. ಮಣ್ಣಿನಲ್ಲಿ ಉಳಿದ ತೇವದ ಮೇಲೇ ಮರದ ಚಿಗುರು ನಿಂತಿದೆ. 1918 ತೆಳು. 2002 ಎಲ್ಲ ತೋಟದಲ್ಲೂ ತೆಳು, ಮರುವರ್ಷವೂ ಚೇತರಿಕೆ ಇಲ್ಲ. 1924ರ ಜುಲೈನಲ್ಲಿ ಕಾವೇರಿ ಉಕ್ಕಿ ಹರಿದಿದ್ದು ಎಲ್ಲರಿಗೂ ಗೊತ್ತು. ನನ್ನ ಮರಗಳಿಗೆ ಗೊತ್ತಿಲ್ಲ. ಆ ವರ್ಷದ ಉಂಗುರ ಸಾಧಾರಣ. ಒಂದು ಮಟ್ಟ ದಾಟಿದ ಮೇಲೆ ನೀರು ಎಷ್ಟು ಸುರಿದರೂ ಮರಕ್ಕೆ ಒಂದೇ. ತೇಗ ಬರದ ಲೆಕ್ಕ ಇಡುತ್ತದೆ, ನೆರೆಯ ಲೆಕ್ಕ ಇಡಲ್ಲ.

ತೊಟ್ಟಿಮನೆಯ ಕಂಬಗಳು 1876-77ರ ಧಾತು ಈಶ್ವರ ಬರದವರೆಗೂ ಹೋಗಿವೆ. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನ 1881ರ ಗಣತಿಗೆ 42 ಲಕ್ಷಕ್ಕೆ ಇಳಿದದ್ದು ಆ ಬರದಿಂದ. ಕಂಬಗಳಲ್ಲಿ 1876, 1877 ಎರಡೂ ಕೂದಲೆಳೆ. 1878ರಲ್ಲಿ ಮಳೆ ವಾಪಸ್ ಬಂತು, ಉಂಗುರ ಮಾತ್ರ ತೆಳುವಾಗಿಯೇ ಇದೆ. ಬೇರು ಸತ್ತ ಮರ ಒಂದೇ ಮಳೆಗೆ ಏಳಲ್ಲ. ಹಾಗಾಗಿ ಹಿಂದಿನ ವರ್ಷದ ಪ್ರಭಾವ ತೆಗೆಯದೆ ನೇರವಾಗಿ ಓದಿದರೆ ಎರಡು ವರ್ಷದ ಬರ ಮೂರು ವರ್ಷದ್ದಾಗಿ ಕಾಣುತ್ತದೆ. ಆದರೆ ಅಷ್ಟು ಹಿಂದಕ್ಕೆ ಹೋದ ಕಂಬಗಳು ಬೆರಳೆಣಿಕೆಯಷ್ಟೇ. 1890ಕ್ಕಿಂತ ಹಿಂದೆ ಇಪಿಎಸ್ 0.85ರ ಕೆಳಗೆ ಜಾರುತ್ತದೆ. ಗ್ರಾಫಿನಲ್ಲಿ ಆ ಭಾಗವನ್ನು ಚುಕ್ಕೆ ಗೆರೆಯಲ್ಲೇ ಹಾಕಿದ್ದೇನೆ.

2024ರ ಮಾರ್ಚಿನಲ್ಲಿ ಬೆಂಗಳೂರಿಗೆ ನೀರಿಲ್ಲದೆ ಟ್ಯಾಂಕರ್ ಹಿಂದೆ ಜನ ಓಡುವಾಗ ನನ್ನ ಮರದ ಬಿಲ್ಲೆಗಳ ಮೇಲೆ ಎಲ್ಲರಿಗೂ ಏಕಾಏಕಿ ಪ್ರೀತಿ ಬಂತು. ಮಳೆ ಬೇಡ, ಕಾವೇರಿಯಲ್ಲಿ ಎಷ್ಟು ಟಿಎಂಸಿ ಹರಿದಿತ್ತು ಹೇಳಿ ಅಂದರು. ಅಮೆರಿಕದ ಕೊಲೊರಾಡೊ ನದಿಯ ಕಥೆ ಎಲ್ಲರ ಬಾಯಲ್ಲೂ ಇದೆ. 1922ರಲ್ಲಿ ಜಾಸ್ತಿ ನೀರಿದ್ದ ವರ್ಷಗಳ ಲೆಕ್ಕ ಹಿಡಿದು ಅಲ್ಲಿನ ರಾಜ್ಯಗಳು ನೀರು ಹಂಚಿಕೊಂಡವು, 1976ರಲ್ಲಿ ಸ್ಟಾಕ್‌ಟನ್ ಮತ್ತು ಜೇಕಬಿ ಅನ್ನೋ ವಿಜ್ಞಾನಿಗಳು ಉಂಗುರ ನೋಡಿ ಅಷ್ಟು ನೀರೇ ಇಲ್ಲ ಅಂದರು. ಕಾವೇರಿಯಲ್ಲಿ ನ್ಯಾಯಮಂಡಳಿಯ 2007ರ ತೀರ್ಪು 740 ಟಿಎಂಸಿಯ ಮೇಲೆ ನಿಂತಿದೆ. ಅದನ್ನು ಉಂಗುರದಿಂದ ತೂಗಬೇಕು ಅನ್ನೋ ಆಸೆ ಯಾರಿಗಿಲ್ಲ? ನನ್ನ ಕೈಯಲ್ಲಿ ಆಗಲ್ಲ. ಮಳೆಯನ್ನು ಹರಿವಿಗೆ ಹೊಂದಿಸೋಕೆ ಅಣೆಕಟ್ಟು, ನಾಲೆ, ಗದ್ದೆ ಮುಟ್ಟದ ಹರಿವಿನ ದಾಖಲೆ ಬೇಕು. ಕಬಿನಿ ಅಣೆಕಟ್ಟು 1974ರಿಂದ ಇದೆ, ಕೆಆರ್‌ಎಸ್ ಅದಕ್ಕಿಂತ ನಲವತ್ತು ವರ್ಷ ಹಳೆಯದು. ಮೇಲೆ ಕಾಫಿ ತೋಟದ ಕೆರೆಗಳು ಬೇರೆ. ನಾನು ಮಳೆಗೇ ನಿಲ್ಲಿಸಿದ್ದೇನೆ.

ಒಟ್ಟು ಖರ್ಚು ಎರಡು ಲಕ್ಷದ ಹತ್ತಿರ. ಅದರಲ್ಲಿ ಅರವತ್ತು ಎಪ್ಪತ್ತು ಸಾವಿರ ಬರ್ಮಾ ತೊಲೆಗೆ. ಅದರಲ್ಲೊಂದಿಷ್ಟನ್ನು ಬಡಗಿಗೆ ಕೊಟ್ಟು ಮನೆಗೆ ಒಂದು ದಿವಾನ್ ಮಾಡಿಸಿದೆ, ಹೆಂಡತಿ ಈಗ ಸ್ವಲ್ಪ ಸಮಾಧಾನವಾಗಿದ್ದಾಳೆ. ಈಗ ಬೇಕಿರೋದು ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ ಕಡೆಯ ಇನ್ನೂ ಹತ್ತು ಹದಿನೈದು ತೊಟ್ಟಿಮನೆ ಕಂಬಗಳು. ನಿಮ್ಮ ಊರಿನಲ್ಲಿ ಅಂಥ ಮನೆ ಕೆಡವುತ್ತಿದ್ದರೆ ಕಂಬಕ್ಕೆ ರಂದ ಹೊಡೆಯೋ ಮುಂಚೆ ಒಂದು ಮಾತು ತಿಳಿಸಿ. ಗೋಡೆಯೊಳಗೆ ಹೂತಿದ್ದ ತುದಿಯನ್ನು ನೋಡಿ. ಬಡಗಿ ಕೆತ್ತದೆ ಬಿಟ್ಟಿರುವ ಬಿಳಿ ಭಾಗ ಉಳಿದಿದ್ದರೆ ಅಲ್ಲೇ. ಒಂದು ಗೇಣು ಸಾಕು, ಸಾಗಿಸೋ ಖರ್ಚು ನನ್ನದು.